ಶರಣಪ್ಪ ಹಡಗಿನ ತಳಕ್ಕೆ ಮರಳಿ ಇಳಿದದ್ದು

ಹೋದ ತಿಂಗಳು ಆಳಂದದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಸೊಂಟನೋವು, ಜಿಟಿಜಿಟಿ ಮಳೆ, ಬಸ್ಸಿನ ಪತ್ತೆಯೇ ಇಲ್ಲ. ಪಕ್ಕದ ತಗಡಿನ ಶೆಡ್ಡಿನಲ್ಲಿ ಕಮ್ಮಾರನೊಬ್ಬ ನೇಗಿಲಿನ ಕುಡ ಕಾಯಿಸುತ್ತಿದ್ದ. ಊರೆಲ್ಲ ಟ್ರ್ಯಾಕ್ಟರ್ ಆದ ಮೇಲೂ ಇಂಥ ಕುಲುಮೆ ಒಂದು ಉಳಿದಿದೆಯಲ್ಲ ಎಂದುಕೊಂಡೆ. ಕಲ್ಲಿದ್ದಲಿನ ಹೊಗೆ ಮಳೆಯಲ್ಲಿ ಮೇಲೇಳಲಾಗದೆ ನಮ್ಮ ಕಡೆಗೇ ಬಂತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿ ಅಂಗಿಯೊಳಗಿನ ಕರಡಿಗೆಯನ್ನು ಹಿಡಿದುಕೊಂಡಿತು. ಕರಡಿಗೆ ಎಂದರೆ ನಮ್ಮವರು ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಡಬ್ಬಿ. ಪಕ್ಕದಲ್ಲಿದ್ದ ಹುಡುಗಿ ಗಾಬರಿಯಾಗಿ, ಮುತ್ಯಾ, ಎದಿ ನೋಯಾಕತ್ತದೇನ್ರಿ ಎಂದು ಕೇಳಿದಳು. ಇಲ್ಲವ್ವ ಎಂದೆ. ಆ ಶ್ರಾವಣದ ಕಥೆಯನ್ನು ಅವಳಿಗೆ ಹೇಳುತ್ತ ಕೂಡುವಷ್ಟು ತಡವಾಗಿ ಬಸ್ಸು ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಆಗ ನಾನು ಆಳಂದದಲ್ಲಿ ಪಿಯುಸಿ ಹುಡುಗರಿಗೆ ಇತಿಹಾಸ ಹೇಳುತ್ತಿದ್ದೆ. ಬಹಮನಿಗಳು, ವಿಜಯನಗರ, ಕೊನೆಗೆ ಒಂದು ಗಡಿಬಿಡಿಯ ಸ್ವಾತಂತ್ರ್ಯ ಚಳವಳಿ, ಅಷ್ಟೇ. ಸಮುದ್ರವನ್ನು ಕಣ್ಣಾರೆ ಕಂಡವನೇ ಅಲ್ಲ. ಮುಂಗಾರು ಹಿಡಿದು ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ತಹಸೀಲಿಯ ಚಪ್ರಾಸಿ ಒಬ್ಬ ಬಿಳಿಯ ಮನುಷ್ಯನನ್ನು ಸ್ಟಾಫ್ ರೂಮಿಗೆ ತಂದು ಬಿಟ್ಟ. ಎತ್ತರದ ಆಳು, ಅರವತ್ತರ ಆಸುಪಾಸು, ಮೊಣಕಾಲತನಕ ಎರೆಮಣ್ಣು. ಇವರ ಮಾತು ಯಾರಿಗೂ ತಿಳಿಯವಲ್ದು, ನಿಮಗೆ ಇಂಗ್ಲಿಷ್ ಬರ್ತದಂತ ಕರ್ಕೊಂಡು ಬಂದೇನಿ ಎಂದು ಹೇಳಿ ಚಪ್ರಾಸಿ ಕೈ ತೊಳೆದುಕೊಂಡ. ಬಂದವರು ಆಸ್ಟ್ರೇಲಿಯಾದ ನೌಕಾಪಡೆಯ ಇತಿಹಾಸಕಾರರು. ಕೆರೆಯಲ್ಲೇ ನೀರು ನಿಲ್ಲದ ನಮ್ಮ ತಾಲೂಕಿಗೆ ಹಡಗಿನ ಚರಿತ್ರೆ ಬರೆಯುವವರಿಗೆ ಏನು ಕೆಲಸವೋ ಎಂದು ನನಗೆ ನಗು ಬಂತು.

ಆ ವಾರ ಸಾಹೇಬರು ನನ್ನ ಮನೆಯಲ್ಲೇ ಉಳಿದರು. ಜೋಳದ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದರು, ಪುಂಡಿಪಲ್ಯವನ್ನು ಮಾತ್ರ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಹದಿಹರೆಯದಲ್ಲೇ ನೌಕಾಪಡೆ ಸೇರಿದವರು. ತೋಪಿನ ಸದ್ದಿಗೆ ಎಡಗಿವಿ ಹೋಗಿತ್ತು, ಅವರ ಜೊತೆ ಮಾತಾಡಬೇಕಾದರೆ ಬಲಗಡೆಗೆ ಕೂಡಬೇಕು. ಯುದ್ಧ ಮುಗಿದ ಮೇಲೆ ಸರ್ಕಾರದ ಕಚೇರಿಯಲ್ಲಿ ಕುಳಿತು ಆ ಯುದ್ಧದ ಅಧಿಕೃತ ಇತಿಹಾಸಕ್ಕೆ ಟಿಪ್ಪಣಿ ಬರೆದರು, ಆಮೇಲೆ ತಮ್ಮದೇ ಪುಸ್ತಕ ಬರೆಯತೊಡಗಿದರು. ಮೊದಲನೆಯದು ಕಪ್ತಾನರ ಬಗ್ಗೆ, ಎರಡನೆಯದು ಯುದ್ಧನೌಕೆಗಳ ಬಗ್ಗೆ. ಮೂರನೆಯದು ಮುಳುಗಿದ ಸರಕು ಹಡಗುಗಳ ಬಗ್ಗೆ. ಅದೇ ಅವರಿಗೆ ಹೆಸರು ತಂದದ್ದು. ಇಷ್ಟು ವರ್ಷ ನಾನು ಹಡಗಿನ ಮೇಲಟ್ಟದ ಮೇಲೆ ನಿಂತುಕೊಂಡೇ ಇತಿಹಾಸ ಬರೆದೆ, ಕೆಳಗೆ ಬಾಯ್ಲರಿನ ಮುಂದೆ ಇದ್ದವರ ಕಡೆ ತಡವಾಗಿ ನೋಡಿದೆ ಎಂದು ಅವರು ಒಂದು ಸಂಜೆ ಹೇಳಿದರು. ಅದನ್ನು ಹೇಳುವಾಗ ಅವರಿಗೆ ನಾಚಿಕೆಯಾದಂತೆ ಕಂಡಿತು, ನನಗೆ ಮನುಷ್ಯ ಹಿಡಿಸಿದ್ದು ಆಗಲೇ.

ಆ ಮೂರನೆಯ ಪುಸ್ತಕದಲ್ಲಿ ಎಲ್ಲರ ಬಾಯಲ್ಲಿದ್ದ ಒಂದು ಪುಟವಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಿಂದೂ ಮಹಾಸಾಗರದಲ್ಲಿ ಒಂದು ಹಡಗಿಗೆ ಟಾರ್ಪೆಡೊ ಬಡಿಯುತ್ತದೆ. ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಭಾರತೀಯ ಆಳೊಬ್ಬ ಹೇಗೋ ಮೇಲಟ್ಟಕ್ಕೆ ಬಂದು ಮುಟ್ಟುತ್ತಾನೆ. ಪಾರಾಗುವ ದೋಣಿ ಎದುರಿಗೇ ಇದೆ. ಹಡಗಿನ ಎಂಜಿನಿಯರ್ ಅವನ ರಟ್ಟೆ ಹಿಡಿದು ದೋಣಿಗೆ ಎಳೆಯುತ್ತಾನೆ. ಆ ಆಳು ಎದೆಯ ಮೇಲೆ ಕೈಯಿಟ್ಟುಕೊಂಡು, ರಟ್ಟೆ ಬಿಡಿಸಿಕೊಂಡು, ಜೊತೆಗಾರರನ್ನು ಉಳಿಸಲು ಮತ್ತೆ ಕೆಳಗಿಳಿದು ಹೋಗುತ್ತಾನೆ. ಹಾಗೆ ಬರೆದಿತ್ತು. ಬದುಕುಳಿದ ಆ ಎಂಜಿನಿಯರನ ಬಾಯಿಂದಲೇ ಸಾಹೇಬರು ಅದನ್ನು ಕೇಳಿದ್ದರು. ಅವರ ದೇಶದ ಶಾಲೆಗಳಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ ಆ ಪುಟವನ್ನು ಗಟ್ಟಿಯಾಗಿ ಓದಿಸುತ್ತಿದ್ದರಂತೆ. ಪುಸ್ತಕದಲ್ಲಿ ಆ ಆಳಿಗೆ ಹೆಸರಿರಲಿಲ್ಲ. ಮುಂಬಯಿಯ ಹಳೆಯ ಭರ್ತಿ ಕಾಗದಗಳನ್ನು ಹುಡುಕಿ ಹುಡುಕಿ, ಹೆಸರು ಶರಣಪ್ಪ, ಊರು ಆಳಂದ ತಾಲೂಕು ಎಂದು ಅವರು ಪತ್ತೆ ಹಚ್ಚಿದ್ದರು. ಹೊಸ ಆವೃತ್ತಿಗೆ ಹೆಸರು ಸೇರಿಸಬೇಕು, ಅದಕ್ಕೂ ಮುಂಚೆ ಮನೆಯವರಿಗೆ ತಾವೇ ಹೋಗಿ ಹೇಳಬೇಕು ಎಂಬುದು ಅವರ ಹಟ.

ಶರಣಪ್ಪನ ಊರು ಹಿರೋಳ್ಳಿಯ ಆಚೆ, ಮಹಾರಾಷ್ಟ್ರದ ಗಡಿಗೆ ತಾಗಿದಂತೆ ಇದೆ. ಹೆಸರು ಹೇಳುವುದಿಲ್ಲ. ಅಲ್ಲಿಯವರು ಈಗಲೂ ನನ್ನ ಮನೆಗೆ ಜಗಳಕ್ಕೆ ಬರುವಷ್ಟು ಗಟ್ಟಿಯಾಗಿದ್ದಾರೆ. ಬಸ್ಸು ಬಿಟ್ಟ ಮೇಲೆ ಎರೆಹೊಲದ ನಡುವಿನ ದಾರಿ. ಹೆಸರು, ಉದ್ದು ಮೊಣಕಾಲೆತ್ತರ ಬಂದಿದ್ದವು. ಒಂದೊಂದು ಹೆಜ್ಜೆಗೂ ಕಾಲಿಗೆ ಸೇರು ಸೇರು ಮಣ್ಣು ಮೆತ್ತುತ್ತಿತ್ತು. ಸಾಹೇಬರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಡೆದರು. ಶರಣಪ್ಪನ ಮನೆ ಯಾವುದು ಎಂದು ಗೌಡರನ್ನು ಕೇಳಿದಾಗ ಅವರ ಮುಖ ಸಣ್ಣಗಾಯಿತು. ಅಲ್ಲಿ ಅವನ ಹೆಂಡತಿ ಗುರುಬಾಯಿ ಒಬ್ಬಳೇ ಇದ್ದಾಳೆ, ಚಹಾ ಗಿಹಾ ಇಲ್ಲೇ ಕುಡಿದು ಹೋಗ್ರಿ ಎಂದರು.

ಆ ಮಾತಿನ ಅರ್ಥ ನನಗೆ ದಾರಿಯಲ್ಲೇ ತಿಳಿಯಿತು. ನಮ್ಮ ಜೊತೆ ಬಂದ ಗೌಡರ ಆಳೇ ಎಲ್ಲ ಹೇಳಿದ. ಶರಣಪ್ಪ ಸೊಲ್ಲಾಪುರದ ಗಿರಣಿಗೆ ಹೋದವನು ಅಲ್ಲಿಂದ ಮುಂಬಯಿ ಬಂದರಿಗೆ ಹೋಗಿ ಹಡಗು ಹತ್ತಿದ. ಅವನು ಸತ್ತ ಸುದ್ದಿ ಬಂದ ಹೊತ್ತಿಗೇ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಇದೇ ಊರಿನವನೊಬ್ಬ ಬಂದು, ಶರಣಪ್ಪನನ್ನು ನಾನು ಹಡಗಿನ ಬಾಯಲ್ಲಿ ಕಂಡಿದ್ದೆ, ಮೈಮೇಲೆ ಅಂಗಿ ಇರಲಿಲ್ಲ, ಕೊರಳಲ್ಲಿ ಲಿಂಗವೂ ಇರಲಿಲ್ಲ ಎಂದ. ಅಷ್ಟೇ ಸಾಕಾಯಿತು. ಲಿಂಗ ಕಳಚಿದವನ ಮನೆ ಎಂದು ಊರು ತೀರ್ಮಾನಿಸಿತು. ಜಂಗಮರಾದ ಮಠದ ಅಯ್ಯನವರು ಆ ಹೊಸ್ತಿಲು ತುಳಿಯುವುದನ್ನು ಬಿಟ್ಟರು. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುವಾಗ ಅಯ್ಯನವರು ಬಂದು ತಲೆಯ ಮೇಲೆ ಪಾದ ಇಡಬೇಕು. ಆಗಲೇ ಆ ಜೀವಕ್ಕೆ ದಾರಿ ಎಂದು ನಂಬಿಕೆ. ಶರಣಪ್ಪನ ತಂದೆ ಪಾದವಿಲ್ಲದೆ ಮಣ್ಣಾದ, ತಾಯಿಯೂ ಹಾಗೇ ಹೋದಳು. ಮಗಳನ್ನು ಈ ಕಡೆ ಯಾರೂ ಸೊಸೆಯಾಗಿ ತಂದುಕೊಳ್ಳಲಿಲ್ಲವೆಂದು ಅಕ್ಕಲಕೋಟೆಯ ಆಚೆ, ಹೆಸರು ಕೇಳದ ಹಳ್ಳಿಗೆ ಕೊಡಬೇಕಾಯಿತು. ಕುಲಗೋತ್ರದ ಗೋಡೆಯನ್ನೆಲ್ಲ ಒಡೆದ ಶರಣರ ಹೆಸರು ಹೇಳಿಕೊಂಡು ಬದುಕುವ ಜನ ನಾವು!

ಗುರುಬಾಯಿಗೆ ಆಗ ಅರವತ್ತರ ಹತ್ತಿರ. ದಮ್ಮಿನ ಕಾಯಿಲೆ, ನಾಲ್ಕು ಮಾತಿಗೆ ಒಮ್ಮೆ ಉಸಿರು ಹಿಡಿಯಲು ನಿಲ್ಲುತ್ತಿದ್ದಳು. ಹಣೆಯ ತುಂಬ ವಿಭೂತಿ. ಅವತ್ತು ಶ್ರಾವಣ ಸೋಮವಾರ. ಅಯ್ಯನವರು ಊರಲ್ಲಿ ಮನೆಮನೆಗೆ ಪಾದಪೂಜೆಗೆ ಹೋಗುವ ದಿನ. ಇವಳ ಮನೆಯನ್ನು ಬಿಟ್ಟು ಹೋಗುತ್ತಾರೆಂದು ಗೊತ್ತಿದ್ದರೂ ಅಂಗಳ ಸಾರಿಸಿ, ತಾಟು, ನೀರು, ಬಿಲ್ವಪತ್ರೆ ಎಲ್ಲ ತಯಾರಿಟ್ಟುಕೊಂಡು ಕೂತಿದ್ದಳು. ವರ್ಷವೂ ಹೀಗೇ ಇಡುತ್ತಾಳಂತೆ.

ಸಾಹೇಬರು ಹಗ್ಗದ ಹೊರಸಿನ ಮೇಲೆ ಕುಳಿತು ಪುಸ್ತಕ ತೆಗೆದು ಆ ಪುಟ ಓದಿದರು. ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಪೂರ್ತಿ ಕೇಳಿ, ಎದೆಯ ಮೇಲೆ ಕೈಯಿಟ್ಟದ್ದನ್ನು ಇನ್ನೊಮ್ಮೆ ಹೇಳು ಎಂದಳು. ಹೇಳಿದೆ.

“ಕೈ ಹ್ಯಾಂಗ ಇಟ್ಟಾನ್ರಿ? ಒಂದ ಕೈಯೋ, ಎರಡೂ ಕೈಯೋ? ನೋಡಿದವರು ಏನು ಮಾಡಿ ತೋರಿಸ್ಯಾರ, ಅದನ್ನ ಮಾಡಿ ತೋರಸ್ಲಿಕ್ಕೆ ಹೇಳ್ರಿ ಸಾಹೇಬರಿಗಿ.”

ಸಾಹೇಬರು ನಕ್ಕು ಬಲಗೈಯನ್ನು ಎದೆಗೆ ಒತ್ತಿದರು. ಆಮೇಲೆ ಏನೋ ನೆನಪಾದವರಂತೆ ತಡೆದರು. ಆ ಮುದಿ ಎಂಜಿನಿಯರ್ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ತೋರಿಸಿದ್ದು ಹೀಗಲ್ಲ ಎಂದರು. ಎದ್ದು ನಿಂತು ಎರಡೂ ಕೈಗಳನ್ನು ಕೊರಳಿಗೆ ಒಯ್ದರು. ಅಲ್ಲಿಂದ ಎದೆ, ಹೊಟ್ಟೆಯವರೆಗೆ ತಡವುತ್ತ ಇಳಿಸಿದರು. ಮತ್ತೆ ಕೊರಳಿಗೆ ಹೋದರು. ನಡುವೆಯೇ ಅವರ ಕೈ ನಿಂತುಬಿಟ್ಟಿತು. ಹತ್ತಾರು ವರ್ಷ ಆ ಕಥೆ ಹೇಳಿದ ಮನುಷ್ಯನಿಗೆ, ಎಂಜಿನಿಯರ್ ಮಾಡಿ ತೋರಿಸಿದ್ದು ಒಂದು, ತಾನು ಬರೆದದ್ದು ಇನ್ನೊಂದು ಎಂದು ಆ ಮಣ್ಣಿನ ಪಡಸಾಲೆಯಲ್ಲಿ ಗೊತ್ತಾಯಿತು.

“ಅಂವ ಲಿಂಗ ಹುಡುಕ್ಯಾನ್ರಿ,” ಎಂದಳು ಗುರುಬಾಯಿ. “ಕೆಳಗ ಬಿಟ್ಟು ಬಂದಿದ್ದ. ತರ್ಲಿಕ್ಕೆ ಹೋದ.”

ಆಮೇಲೆ ಅತ್ತಳು. ಅದು ಬೇರೆ ಅಳು. ಸಾಹೇಬರಿಗೆ ನಾನು ಏನು ಹೇಳಿದೆನೋ ನೆನಪಿಲ್ಲ.

ಆದರೆ ಸಾಹೇಬರು ಅಷ್ಟಕ್ಕೇ ಒಪ್ಪುವ ಪೈಕಿ ಅಲ್ಲ. ಆಳಂದಕ್ಕೆ ಮರಳಿದ ಮೇಲೆ ರೊಟ್ಟಿಯೂ ಸೇರಲಿಲ್ಲ. ಲಿಂಗ ಕಟ್ಟಿಕೊಂಡವರು ಸ್ನಾನಕ್ಕೂ ತೆಗೆಯುವುದಿಲ್ಲ ಎಂದು ನೀನೇ ಹೇಳುತ್ತೀ, ಹಾಗಾದರೆ ಅವನು ಯಾಕೆ ತೆಗೆದ ಎಂದು ಕೇಳಿದರು. ಮಾರನೆಯ ದಿನ ನನ್ನನ್ನು ಬಜಾರಿನ ಕುಲುಮೆಗೆ ಕರೆದುಕೊಂಡು ಹೋದರು. ಅವರ ಪದ್ಧತಿಯೇ ಹಾಗೆ, ತಾನು ಬರೆಯುವ ಜಾಗದ ಬಿಸಿ, ಸದ್ದು ಸ್ವಲ್ಪವಾದರೂ ಮೈಗೆ ತಾಗಬೇಕು. ಕಮ್ಮಾರನಿಗೆ ತಿದಿ ಒತ್ತಿ ಬೆಂಕಿ ಜೋರು ಮಾಡಲು ಹೇಳಿಸಿ, ನನ್ನ ಅಂಗಿ ಬಿಚ್ಚಿಸಿ, ಬೆಂಕಿಗೆ ಮುಖ ಮಾಡಿ ನಿಲ್ಲಿಸಿದರು. ಊರ ಹುಡುಗರೆಲ್ಲ ಸೇರಿ ಹೋ ಎಂದು ನಕ್ಕರು, ಅವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ಸ್ವಲ್ಪ ಹೊತ್ತು ತಡೆದೆ. ಬೆಳ್ಳಿಯ ಕರಡಿಗೆ ಕಾದು ಎದೆಗೆ ಚುರ್ ಎಂದಿತು. ಶಿವದಾರ ಹಿಡಿದು ಅದನ್ನು ಮೈಯಿಂದ ದೂರ ಎತ್ತಿ ಹಿಂದೆ ಸರಿದೆ. ಸಾಹೇಬರು ನನ್ನ ಎದೆಯ ಮೇಲೆ ಎದ್ದ ಕೆಂಪು ಬರೆಯನ್ನು ನೋಡಿದರು. ಬಾಯ್ಲರ್ ಕೋಣೆಯ ಬಿಸಿ ಇದಕ್ಕಿಂತ ಎಷ್ಟೋ ಹೆಚ್ಚು, ಪಾಳಿ ಮುಗಿಯುವವರೆಗೂ ಅದರ ಮುಂದೆಯೇ ನಿಲ್ಲಬೇಕು ಎಂದರು. ಶರಣಪ್ಪ ಲಿಂಗವನ್ನು ಎಲ್ಲೋ ಬಿಸಿ ತಾಗದ ಮೂಲೆಯಲ್ಲಿ ಮೊಳೆಗೆ ತೂಗುಹಾಕಿ ಕೆಲಸ ಮಾಡುತ್ತಿದ್ದಿರಬೇಕು, ಪಾಳಿ ಮುಗಿದ ಮೇಲೆ ಕಟ್ಟಿಕೊಳ್ಳುತ್ತಿದ್ದಿರಬೇಕು.

ಗುರುಬಾಯಿಗೆ ಬೇಕಾಗಿದ್ದದ್ದು ಒಂದೇ. ಗಂಡ ಶೂರ ಅನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ಲಿಂಗ ಬಿಟ್ಟವನಲ್ಲ ಎಂದು ಊರು ಒಪ್ಪಬೇಕು, ತಾನು ಸತ್ತಾಗ ತಲೆಯ ಮೇಲೆ ಅಯ್ಯನವರ ಪಾದ ಬೀಳಬೇಕು. ಬಹಳ ದಿನ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಅದೇ ವಾರ ನಾವು ಮತ್ತೆ ಆ ಊರಿಗೆ ಹೋಗಿ ಮಠದಲ್ಲಿ ಕುಳಿತೆವು. ಅಯ್ಯನವರು ವಯಸ್ಸಾದವರು, ಕಣ್ಣು ಮಂಜು, ಮೆತ್ತಗಿನ ಮನುಷ್ಯ. ಕೆಟ್ಟವರು ಎಂದು ನಾನು ಅಂದೂ ಅಂದಿಲ್ಲ, ಇಂದೂ ಅನ್ನುವುದಿಲ್ಲ. ಅವರ ಬಲಕ್ಕೆ ಗೌಡರು, ಸುತ್ತ ಊರಿನ ನಾಲ್ಕಾರು ಹಿರಿಯರು. ಗುರುಬಾಯಿ ಒಳಗೆ ಬರಲಿಲ್ಲ, ಬಾಗಿಲ ಹೊರಗೆ ಸೆರಗು ಹೊದ್ದು ಜಿನುಗು ಮಳೆಯಲ್ಲಿ ನಿಂತಳು.

ಸಾಹೇಬರು ಹೇಳಿದರು, ನಾನು ಕನ್ನಡ ಮಾಡಿದೆ. ಎಂಜಿನಿಯರನ ಮಾತು, ಕೈಯ ತಡವಾಟ, ಕುಲುಮೆಯ ಬಿಸಿ ಎಲ್ಲವನ್ನೂ ಬಿಡಿಸಿಟ್ಟೆವು. ಅಂಗಿ ತೆರೆದು ನನ್ನ ಎದೆಯ ಬರೆಯನ್ನೂ ತೋರಿಸಿದೆ. ಎಲ್ಲ ಕೇಳಿದ ಮೇಲೆ ಗೌಡರು ಎಲೆಯಡಿಕೆ ಉಗಿದು ಬಂದು ಕುಳಿತರು. ಹಾಗಾದರೆ ಕೊರಳಿಂದ ತೆಗೆದದ್ದು ಖರೇ ಆಯಿತಲ್ಲ, ನಾವು ಇಷ್ಟು ವರ್ಷ ಹೇಳಿದ್ದೂ ಅದನ್ನೇ ಅಲ್ಲವೇ ಎಂದರು.

ನಾವು ಅಷ್ಟು ಕಷ್ಟಪಟ್ಟು ತಂದ ಸಾಕ್ಷಿ ಅವಳ ಕೊರಳಿಗೇ ಉರುಳಾಯಿತು. ಸಾಹೇಬರು ಏನಾಯಿತು ಏನಾಯಿತು ಎಂದು ನನ್ನ ತೋಳು ಜಗ್ಗುತ್ತಿದ್ದರು. ಆಗ ಬಾಗಿಲ ಹೊರಗಿನಿಂದ ಗುರುಬಾಯಿಯ ದನಿ ಬಂತು. ಏದುಸಿರು ಬಿಡುತ್ತ, ತಡೆ ತಡೆದು ಮಾತಾಡಿದಳು.

“ಕೊರಳಾಗ ಇದ್ದಿದ್ರ ಅಂವ ದೋಣಿ ಹತ್ತಿ ಬದುಕಿ ಬರ್ತಿದ್ದ ಗೌಡ್ರ. ಇರ್ಲಿಲ್ಲ, ಅದಕ್ಕ ಇಳದು ಸತ್ತ. ಲಿಂಗ ಬಿಟ್ಟು ಜೀಂವ ಉಳಿಸಿಕೊಂಡು ಬಂದಿದ್ರ ನೀವು ಊರಾಗ ಕರ್ಕೋತಿದ್ರೇನು? ಹೇಳ್ರಿ, ಕರ್ಕೋತಿದ್ರೇನು?”

ಗೌಡರು ಬಾಗಿಲ ಕಡೆ ನೋಡಲಿಲ್ಲ. ಮಠದಲ್ಲಿ ಕುಳಿತಿದ್ದವರು ಒಬ್ಬೊಬ್ಬರೇ ತಲೆ ತಗ್ಗಿಸಿದರು. ಲಿಂಗ ಹೋದರೆ ಪ್ರಾಣವೂ ಹೋಗಬೇಕು ಎಂದು ಅದೇ ಮಠದಲ್ಲಿ ಪ್ರತಿ ಶ್ರಾವಣ ಪುರಾಣ ಹೇಳಿಸಿದವರು ಅವರೇ. ಅಕ್ಷರ ಬಾರದ ಬೆಂಕಿಯಾಳೊಬ್ಬ ಮುಳುಗುವ ಹಡಗಿನಲ್ಲಿ ಅದನ್ನು ಮಾಡಿ ತೋರಿಸಿದಾಗ ಅವರಿಗೆ ಗುರುತು ಸಿಗಲಿಲ್ಲ.

ಅಯ್ಯನವರು ಸಾಹೇಬರನ್ನು ಕೇಳಿದರು. ಪುಸ್ತಕದಲ್ಲಿ ಒಂದು ಬರೆದಿದ್ದೀರಿ, ಬಾಯಲ್ಲಿ ಒಂದು ಹೇಳುತ್ತೀರಿ, ಯಾವುದು ನಿಜ? ಬರೆದದ್ದು ತಪ್ಪು ಎಂದರು ಸಾಹೇಬರು, ತಡಮಾಡದೆ. ಹಾಗಾದರೆ ನಿಜವಾದದ್ದನ್ನು ಅಚ್ಚು ಹಾಕಿಸಿ ಕಳಿಸ್ರಿ, ಪುಸ್ತಕ ನನ್ನ ಕೈಗೆ ಬಂದ ದಿನ ಆಕೆಯ ಮನೆಗೆ ಪಾದ ಬೆಳೆಸುತ್ತೇನೆ ಎಂದರು ಅಯ್ಯನವರು. ಸಾಹೇಬರು ಅಲ್ಲೇ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಲು ಪೆನ್ನು ತೆಗೆದರು. ಕೈಬರಹವನ್ನು ಯಾರು ಬೇಕಾದರೂ ಬರೆಸಬಹುದು ಎಂದು ಗೌಡರು ನಕ್ಕರು. ಅಯ್ಯನವರಿಗೆ ಗೌಡರ ಭಯ, ಅಚ್ಚಾದ ಪುಸ್ತಕ ಕೈಯಲ್ಲಿದ್ದರೆ ಅವರೆದುರು ನಿಲ್ಲುವ ಧೈರ್ಯ ಬಂದೀತು ಎಂಬ ಆಸೆ. ನನಗೆ ಸಿಟ್ಟು ನೆತ್ತಿಗೇರಿತು. ಅದೇ ಹೊತ್ತಿಗೆ ಹೊರಗೆ ನಿಂತಿದ್ದ ಗುರುಬಾಯಿ ಪುಸ್ತಕ ಬರಲು ಎಷ್ಟು ದಿನ ಬೇಕು ಎಂದು ಕೇಳಿದ್ದರಿಂದ ನುಂಗಿಕೊಂಡೆ. ಬರುವ ಮಳೆಗಾಲದ ಹೊತ್ತಿಗೆ ಆಗಬಹುದು ಎಂದರು ಸಾಹೇಬರು.

“ಇರ್ತೇನಿ ಬಿಡ್ರಿ,” ಎಂದಳು. “ಇಷ್ಟು ವರ್ಷ ಇದ್ದೇನಿ, ಇನ್ನೊಂದು ಮಳಿಗಾಲ ಏನು ದೊಡ್ಡದು.”

ಸಾಹೇಬರು ಊರಿಗೆ ಹೋದರು. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ನನಗೆ ಸುದ್ದಿ ಬಂತು. ದಮ್ಮು ಏರಿ ಗುರುಬಾಯಿ ಒಂದೇ ಬೆಳಗಿನಲ್ಲಿ ಹೋಗಿದ್ದಳು. ಕಾಲೇಜು ಬಿಟ್ಟು ಓಡಿದೆ. ಅಕ್ಕಲಕೋಟೆ ಕಡೆಯಿಂದ ಮಗಳು ಬಂದಿದ್ದಳು, ನಾಲ್ಕು ಜನ ದಾಯಾದಿಗಳು ಬಂದಿದ್ದರು. ಹೊಲದ ಬದುವಿನ ಪಕ್ಕ ಕುಣಿ ತೋಡಿ ಗುರುಬಾಯಿಯನ್ನು ಕೂಡಿಸಿದರು. ಅಯ್ಯನವರನ್ನು ಕರೆಯಲು ನಾನೇ ಮಠಕ್ಕೆ ಹೋದೆ. ಅವರು ಬೆಳಿಗ್ಗೆಯೇ ಅಫಜಲಪುರದ ಕಡೆ ಯಾರದೋ ದೀಕ್ಷೆಗೆ ಹೋದರೆಂದು ಮಠದ ಆಳುಗಳು ಹೇಳಿದರು. ಸುದ್ದಿ ತಿಳಿದ ಮೇಲೆ ಹೋದರೋ, ತಿಳಿಯುವ ಮುಂಚೆ ಹೋದರೋ ಎಂದು ಕೇಳಿದೆ. ಆಳುಗಳು ಕದ ಮುಂದೆ ಮಾಡಿದರು, ನಾನು ಕುಣಿಯ ಬಳಿಗೆ ಮರಳಿದೆ. ಹೊತ್ತು ಇಳಿಯಿತು, ಇನ್ನು ಕಾಯಲಾಗದು ಎಂದರು ದಾಯಾದಿಗಳು. ಮಗಳು ಕುಣಿಗೆ ಇಳಿದು ಅವ್ವನ ತಲೆಯ ಮೇಲೆ ತನ್ನ ಎರಡೂ ಕೈಯಿಟ್ಟು ನಿಂತಳು. ಹೆಣ್ಣುಮಗಳು ಇಳಿಯಬಾರದು ಎಂದು ಯಾರೋ ಗೊಣಗಿದರು. ಅವಳು ಕೇಳಿಸಿಕೊಳ್ಳಲಿಲ್ಲ, ಸಾಕಷ್ಟು ಹೊತ್ತು ಹಾಗೇ ನಿಂತು, ಮೇಲೆ ಬಂದು, ಮಣ್ಣು ಎಳೀರಿ ಎಂದಳು. ಮಣ್ಣೆಳೆದೆವು.

ಮರುವರ್ಷದ ಮಳೆಯಲ್ಲಿ ಪುಸ್ತಕ ಬಂತು. ಸಾಹೇಬರು ಮಾತು ತಪ್ಪಿರಲಿಲ್ಲ. ಅವರ ದೇಶದ ಶಾಲೆಗಳಲ್ಲಿ ಓದಿಸುತ್ತಿದ್ದ ಪುಟವನ್ನೇ ಹೊಡೆದುಹಾಕಿ ಹೊಸದಾಗಿ ಬರೆದಿದ್ದರು. ಜೊತೆಗಾರರನ್ನು ಉಳಿಸಲು ಇಳಿದ ಎಂದು ನಾನು ಬರೆದದ್ದು ನನ್ನ ಊಹೆ, ಅದಕ್ಕೆ ಸಾಕ್ಷಿ ಇರಲಿಲ್ಲ, ಶರಣಪ್ಪ ತನ್ನ ದೇವರನ್ನು ಬೆಂಕಿಯ ನಡುವೆ ಬಿಟ್ಟು ಬರಲು ಒಪ್ಪದೆ ಇಳಿದ ಎಂದು ಅವನ ಹೆಂಡತಿ ನನಗೆ ತಿಳಿಸಿಕೊಟ್ಟಳು, ನಾನು ಅವಳನ್ನು ನಂಬುತ್ತೇನೆ ಎಂದಿತ್ತು. ಅಲ್ಲಿಯವರಿಗೆ ಅದು ಹಿಡಿಸಲಿಲ್ಲವಂತೆ. ಒಬ್ಬ ಶೂರನನ್ನು ಕಿತ್ತುಕೊಂಡಿರಿ ಎಂದು ಬೈದು ಬರೆದರಂತೆ, ಶಾಲೆಗಳವರು ಆ ಪುಟ ಓದಿಸುವುದನ್ನು ಬಿಟ್ಟರಂತೆ. ಗುರುಬಾಯಿ ಓದಿದವಳಲ್ಲ, ಆದ್ದರಿಂದ ನೀನೇ ಅವಳ ಪಕ್ಕದಲ್ಲಿ ಕುಳಿತು ನಿಧಾನವಾಗಿ ಓದಿ ಹೇಳು ಎಂದು ಸಾಹೇಬರು ನನಗೆ ಬರೆದಿದ್ದರು. ಅವಳು ತೀರಿಕೊಂಡದ್ದನ್ನು ತಿಳಿಸಿ ನಾನು ಹಾಕಿದ್ದ ಪತ್ರ ಅವರಿಗೆ ಮುಟ್ಟಿರಲಿಲ್ಲ.

ಪುಸ್ತಕ ಹಿಡಿದು ಮಠಕ್ಕೆ ಹೋದೆ. ಅಯ್ಯನವರು ಒಬ್ಬರೇ ಇದ್ದರು, ಕಣ್ಣು ಇನ್ನಷ್ಟು ಮಂಜಾಗಿತ್ತು. ಕೂತು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದೆ. ಪುಸ್ತಕವನ್ನು ಕೈಗೆ ತೆಗೆದುಕೊಂಡು, ಓದಲಾಗದ ಆ ಪುಟದ ಮೇಲೆ ಬೆರಳಾಡಿಸಿದರು. ಕೆಳಗೆ ಇಳಿಬಿಟ್ಟಿದ್ದ ಕಾಲುಗಳನ್ನು ಮೇಲಕ್ಕೆಳೆದು ಶಾಲಿನೊಳಗೆ ಮುಚ್ಚಿಕೊಂಡರು.

“ಮಾಸ್ತರ್ರ,” ಎಂದರು, “ಇನ್ನ ಈ ಪಾದ ಯಾರ ತಲೀ ಮ್ಯಾಲ ಇಡ್ಲಿ?”

ಪುಸ್ತಕವನ್ನು ಅವರ ಮಡಿಲಲ್ಲೇ ಬಿಟ್ಟು ಎದ್ದೆ. ಮಠಕ್ಕೆ ಹೋದಾಗಲೆಲ್ಲ ಬಗ್ಗಿ ನಮಸ್ಕಾರ ಮಾಡಿಯೇ ಹೊರಡುತ್ತಿದ್ದೆ. ಅವತ್ತು ಆ ಕಾಲುಗಳನ್ನು ನಾನು ಮುಟ್ಟಲಿಲ್ಲ.